ಸಾಫ್ಟ್ ಸ್ಟಾರ್ಟರ್ ಟ್ರಿಪ್ ಆದದ್ದು ಯಾವಾಗ?

ಕಾರ್ಖಾನೆಯಲ್ಲಿ ಸಾಫ್ಟ್ ಸ್ಟಾರ್ಟರ್, ಅಂದರೆ ಮೋಟಾರನ್ನು ಮೆಲ್ಲಗೆ ಚಾಲೂ ಮಾಡುವ ಉಪಕರಣ, ಟ್ರಿಪ್ ಆದರೆ (ದೋಷ ಕಂಡು ತಾನಾಗಿಯೇ ನಿಂತರೆ) ರೀಸೆಟ್ ಗುಂಡಿ ಒತ್ತಿ ಮೋಟಾರನ್ನು ಮತ್ತೆ ಚಾಲೂ ಮಾಡಿ ನೋಡುವುದು ರೂಢಿ. ಎರಡು ಮೂರು ಸಲ ಹೀಗಾದ ಮೇಲೆ ‘ಕಾರ್ಡ್ (ಒಳಗಿನ ಎಲೆಕ್ಟ್ರಾನಿಕ್ ಫಲಕ) ಹೋಗಿದೆ’ ಎಂಬ ತೀರ್ಪು ಹೊರಬೀಳುತ್ತದೆ. ದುಬಾರಿ ಬೆಲೆ ತೆತ್ತು ತಂದ ಹೊಸ ಉಪಕರಣವೂ ಹಾಗೆಯೇ ನಿಂತಾಗ ಮಾತ್ರ ದೋಷ ಬೇರೆಲ್ಲೋ ಇದೆಯೆಂಬ ಅನುಮಾನ ಹುಟ್ಟುತ್ತದೆ. ಪರದೆಯ ಮೇಲೆ ಮೂಡಿದ ಸಂಕೇತವನ್ನು ಓದುವುದು ಅಗತ್ಯವೇ. ಆದರೆ ಅದಕ್ಕಿಂತ ಮೊದಲು ಆಪರೇಟರನ್ನು ಕೇಳಬೇಕಾದ ಪ್ರಶ್ನೆ ಒಂದಿದೆ: ಮೋಟಾರು ನಿಂತದ್ದು ಗುಂಡಿ ಒತ್ತಿದ ತಕ್ಷಣವೋ, ವೇಗ ಏರುತ್ತಿರುವಾಗಲೋ, ಪೂರ್ಣ ವೇಗದಲ್ಲಿ ಕಾಲು ಗಂಟೆ ಓಡಿದ ಮೇಲೋ?

415 ವೋಲ್ಟ್‌ನಲ್ಲಿ ಓಡುವ 75 ಕಿಲೋವ್ಯಾಟ್, ಅಂದರೆ 100 ಹೆಚ್‌ಪಿ ಮೋಟಾರು ಪೂರ್ಣ ಹೊರೆಯಲ್ಲಿ ಸುಮಾರು 130 ಆಂಪಿಯರ್ ಎಳೆಯುತ್ತದೆ. ಅದನ್ನೇ ನೇರವಾಗಿ ಲೈನಿಗೆ ಜೋಡಿಸಿ ಚಾಲೂ ಮಾಡಿದರೆ ಆರಂಭದಲ್ಲಿ ಅದರ ಆರೇಳು ಪಟ್ಟು ಕರೆಂಟ್ ನುಗ್ಗುತ್ತದೆ. ಇದನ್ನು ತಡೆಯಲು ಸಾಫ್ಟ್ ಸ್ಟಾರ್ಟರಿನ ಪ್ರತಿ ಫೇಸ್‌ನಲ್ಲೂ ಎರಡು ಥೈರಿಸ್ಟರ್‌ಗಳು (ಸಂಜ್ಞೆ ಸಿಕ್ಕಾಗ ಮಾತ್ರ ಕರೆಂಟ್ ಹರಿಯಬಿಡುವ ಎಲೆಕ್ಟ್ರಾನಿಕ್ ಸ್ವಿಚ್‌ಗಳು) ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಕೂತಿರುತ್ತವೆ. ಪ್ರತಿ ಅರ್ಧ ಅಲೆಯಲ್ಲೂ ಅವುಗಳಿಗೆ ತುಸು ತಡವಾಗಿ ಸಂಜ್ಞೆ ಕೊಟ್ಟು ಮೋಟಾರಿಗೆ ಸಿಗುವ ವೋಲ್ಟೇಜನ್ನು ಕಡಿಮೆ ಮಾಡಿ, ಆ ತಡವನ್ನು ಕ್ರಮೇಣ ಇಳಿಸುತ್ತ ಹೋದರೆ ವೋಲ್ಟೇಜ್ ಮೆಲ್ಲಗೆ ಏರುತ್ತದೆ. ಆದರೆ ಮೋಟಾರಿನ ವೇಗವನ್ನೇ ಬದಲಿಸುವ ಡ್ರೈವ್‌ನಲ್ಲಿ ಆಗುವಂತೆ ಇಲ್ಲಿ ಆವರ್ತನ ಬದಲಾಗುವುದಿಲ್ಲ. ಹಾಗಾಗಿ ವೋಲ್ಟೇಜ್ ಅರ್ಧಕ್ಕಿಳಿದರೆ ತಿರುಗಿಸುವ ಬಲ, ಅಂದರೆ ಟಾರ್ಕ್, ಕಾಲು ಭಾಗಕ್ಕೆ ಕುಸಿಯುತ್ತದೆ.

ವೇಗ ಏರುತ್ತಿರುವಾಗಲೇ ಆಗುವ ಟ್ರಿಪ್‌ಗಳಲ್ಲಿ ಬಹುಪಾಲು, ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುವ ಈ ಲೆಕ್ಕದೊಳಗೇ ಅಡಗಿವೆ. ನೇರ ಚಾಲನೆಯಲ್ಲಿ ಆರು ಪಟ್ಟು ಕರೆಂಟ್ ಎಳೆಯುವ ಮೋಟಾರಿಗೆ ಮೂರು ಪಟ್ಟಿನ ಮಿತಿ ಹಾಕಿದರೆ ಅದರ ಆರಂಭದ ಟಾರ್ಕ್ ಕಾಲು ಭಾಗ ಮಾತ್ರ ಉಳಿಯುತ್ತದೆ. ವಾಲ್ವ್ ಮುಚ್ಚಿದ ಸೆಂಟ್ರಿಫ್ಯೂಗಲ್ ಪಂಪಿಗೆ ಅಷ್ಟು ಸಾಕು. ಕಲ್ಲು ತುಂಬಿಕೊಂಡೇ ನಿಂತ ಕ್ರಷರಿಗೆ ಅಥವಾ ಸರಕು ಹೊತ್ತ ಕನ್ವೇಯರಿಗೆ ಸಾಲದು. ಮೋಟಾರು ಗುಂಯ್‌ಗುಡುತ್ತ ಅರ್ಧ ವೇಗದಲ್ಲೇ ತೂಗಾಡುತ್ತದೆ, ನಿಗದಿಪಡಿಸಿದ ಆರಂಭದ ಅವಧಿ ಮುಗಿಯುತ್ತದೆ, ಸ್ಟಾರ್ಟರ್ ತನ್ನ ಕೆಲಸ ತಾನು ಮಾಡಿ ನಿಲ್ಲಿಸುತ್ತದೆ. ‘ಕರೆಂಟ್ ಇನ್ನೂ ಕಡಿಮೆಯಾಗಲಿ’ ಎಂದು ಮಿತಿಯನ್ನು ಇಳಿಸುತ್ತ ಹೋಗುವವರೇ ಹೆಚ್ಚು. ಬೇಕಾದದ್ದು ಅದನ್ನು ಏರಿಸುವುದು, ಇಲ್ಲವೇ ಯಂತ್ರದ ಹೊರೆ ಇಳಿಸಿ ಚಾಲೂ ಮಾಡುವುದು. ಟ್ರಾನ್ಸ್‌ಫಾರ್ಮರ್ ದೂರವಿದ್ದು ಕೇಬಲ್ ಉದ್ದವಾಗಿದ್ದರೆ ಆರಂಭದ ಹೊತ್ತಿನಲ್ಲಿ ಒಳಬರುವ ವೋಲ್ಟೇಜೇ ಕುಗ್ಗುತ್ತದೆ. ಟ್ರಿಪ್ ಆದ ಮೇಲೆ ಮೀಟರ್ ಹಿಡಿದರೆ ಎಲ್ಲವೂ ಸರಿಯಾಗಿಯೇ ಕಾಣುವುದರಿಂದ ಅದನ್ನು ಚಾಲನೆಯ ಹೊತ್ತಿನಲ್ಲೇ ಅಳೆಯಬೇಕು.

ಮೋಟಾರನ್ನು ಮೊದಲು ಸ್ಟಾರ್ ಜೋಡಣೆಯಲ್ಲಿ ಚಾಲೂ ಮಾಡಿ ಆಮೇಲೆ ಡೆಲ್ಟಾ ಜೋಡಣೆಗೆ ಬದಲಿಸುವ ಹಳೆಯ ಸ್ಟಾರ್-ಡೆಲ್ಟಾ ಪ್ಯಾನೆಲ್ ತೆಗೆದು ಸಾಫ್ಟ್ ಸ್ಟಾರ್ಟರ್ ಕೂರಿಸಿದ ಕಡೆ ಮತ್ತೊಂದು ಪ್ರಮಾದ ನಡೆಯುತ್ತದೆ. ಆರು ತುದಿಗಳ ಮೋಟಾರಿಗೆ ಈಗ ಮೂರೇ ತಂತಿ ಹೋಗುವುದರಿಂದ, ಡೆಲ್ಟಾದಲ್ಲಿ ಓಡಬೇಕಾದ ಮೋಟಾರಿನ ಟರ್ಮಿನಲ್ ಪೆಟ್ಟಿಗೆಯಲ್ಲಿ ಪಟ್ಟಿಗಳನ್ನು ಡೆಲ್ಟಾಕ್ಕೇ ಜೋಡಿಸಬೇಕು. ತಪ್ಪಿ ಸ್ಟಾರ್‌ಗೆ ಜೋಡಿಸಿದರೆ ಟಾರ್ಕ್ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹೊರೆಯಿಲ್ಲದೆ ಪರೀಕ್ಷಿಸಿದ ದಿನ ಮೋಟಾರು ಸಲೀಸಾಗಿ ತಿರುಗಿ, ಹೊರೆ ಬಿದ್ದ ದಿನ ಕೈಕೊಡುತ್ತದೆ. ಹಳೆಯ ಏರ್ಪಾಡಿನಲ್ಲಿ ಮೋಟಾರಿನ ಬದಿಗೆ ಕಟ್ಟಿದ್ದ ಕೆಪಾಸಿಟರ್ ಅಲ್ಲೇ ಉಳಿದುಬಿಟ್ಟಿದ್ದರೆ ಅಪಾಯ ಇನ್ನೂ ದೊಡ್ಡದು. ಅದರೊಳಗೆ ಥಟ್ಟನೆ ನುಗ್ಗುವ ಕರೆಂಟಿಗೆ ಥೈರಿಸ್ಟರ್‌ಗಳೇ ಬಲಿಯಾಗುತ್ತವೆ.

ಪೂರ್ಣ ವೇಗಕ್ಕೆ ಬಂದು ಸ್ವಲ್ಪ ಹೊತ್ತು ಓಡಿದ ಮೇಲೆ ಬಿಸಿಯ ಕಾರಣಕ್ಕೆ ನಿಂತರೆ ಮೊದಲು ನೋಡಬೇಕಾದದ್ದು ಬೈಪಾಸ್ ಕಾಂಟ್ಯಾಕ್ಟರನ್ನು, ಅಂದರೆ ಪೂರ್ಣ ವೇಗ ಬಂದ ಮೇಲೆ ಕರೆಂಟನ್ನು ಥೈರಿಸ್ಟರ್‌ಗಳ ಬದಲು ನೇರ ದಾರಿಯಲ್ಲಿ ಹರಿಸುವ ಸ್ವಿಚ್ಚನ್ನು. ಥೈರಿಸ್ಟರ್‌ಗಳ ಮೂಲಕ ಹರಿಯುವ ಪ್ರತಿ ಆಂಪಿಯರಿಗೆ ಮೂರೂ ಫೇಸ್ ಸೇರಿ ಸುಮಾರು 3 ವ್ಯಾಟ್ ಶಾಖ ಹುಟ್ಟುತ್ತದೆ. 130 ಆಂಪಿಯರಿಗೆ ಇದು 400 ವ್ಯಾಟ್‌ನಷ್ಟಾಗುತ್ತದೆ. ಬೈಪಾಸ್ ಮುಚ್ಚಿಕೊಂಡರೆ ಈ ಶಾಖ ಬಹುಮಟ್ಟಿಗೆ ನಿಲ್ಲುತ್ತದೆ. ಅದರ ಕಾಯಿಲ್ ಸುಟ್ಟಿದ್ದರೆ ಮೋಟಾರೇನೋ ಓಡುತ್ತದೆ, ಆದರೆ ಆರಂಭಕ್ಕಷ್ಟೇ ಎಂದು ಅಳತೆ ಮಾಡಿದ ಹೀಟ್‌ಸಿಂಕ್ (ಶಾಖ ಹೊರಹಾಕುವ ಲೋಹದ ಭಾಗ) ಕಾದ ಹೆಂಚಾಗುತ್ತದೆ. ಹತ್ತಿಯ ನೂಲು, ಸಿಮೆಂಟಿನ ಧೂಳು ಮೆತ್ತಿದ ಫ್ಯಾನ್ ಮತ್ತು ಗಂಟೆಗೆ ಮಿತಿಮೀರಿದ ಸಲ ಚಾಲೂ ಮಾಡುವ ಅಭ್ಯಾಸವೂ ಇದೇ ಫಲ ಕೊಡುತ್ತವೆ.

ಗುಂಡಿ ಒತ್ತಿದೊಡನೆಯೇ ನಿಂತರೆ ಒಳಬರುವ ಮೂರು ಫೇಸ್‌ಗಳನ್ನೂ ಫ್ಯೂಸ್‌ಗಳನ್ನೂ ನೋಡಿ, ಸರಬರಾಜನ್ನು ಪೂರ್ತಿ ಕಡಿದು, ಪ್ರತಿ ಫೇಸ್‌ನ ಒಳಬದಿ ಮತ್ತು ಹೊರಬದಿಯ ಟರ್ಮಿನಲ್‌ಗಳ ನಡುವಿನ ರೋಧವನ್ನು ಅಳೆಯಬೇಕು. ಆರೋಗ್ಯವಾಗಿರುವ ಥೈರಿಸ್ಟರ್ ಸಾವಿರಾರು ಓಮ್ ತೋರಿಸುತ್ತದೆ; ಕೆಟ್ಟದ್ದು ಸಾಮಾನ್ಯವಾಗಿ ಶಾರ್ಟ್ ಆಗಿ ಸೊನ್ನೆಯ ಹತ್ತಿರಕ್ಕೆ ಬರುತ್ತದೆ. ಬೈಪಾಸ್‌ನ ಪಾಯಿಂಟ್ ಅಂಟಿಕೊಂಡಿದ್ದರೂ ಸೊನ್ನೆಯೇ ಬರುವುದರಿಂದ ಎರಡನ್ನೂ ಬೇರ್ಪಡಿಸಿ ನೋಡುವುದು ಲೇಸು. ಮೋಟಾರಿನ ಇನ್ಸುಲೇಷನ್ ಪರೀಕ್ಷಿಸಲು ಮೆಗ್ಗರ್ (ಹೆಚ್ಚು ವೋಲ್ಟೇಜ್ ಹಾಯಿಸಿ ರೋಧ ಅಳೆಯುವ ಮೀಟರ್) ಹಾಕುವ ಮುನ್ನ ಕೇಬಲನ್ನು ಸ್ಟಾರ್ಟರಿನಿಂದ ಬಿಡಿಸಲೇಬೇಕು. ಇಲ್ಲದಿದ್ದರೆ ಪರೀಕ್ಷೆಯೇ ಉಪಕರಣವನ್ನು ಕೊಲ್ಲಬಹುದು. ಮೋಟಾರು ನಿಂತಿದೆಯೆಂದು ಅದರ ಟರ್ಮಿನಲ್ ಮುಟ್ಟುವುದಂತೂ ಸಲ್ಲದು: ಆಫ್ ಆಗಿರುವ ಥೈರಿಸ್ಟರ್ ಕೂಡ ತುಸು ಕರೆಂಟ್ ಸೋರಿಸುತ್ತದೆ, ಶಾರ್ಟ್ ಆದ ಥೈರಿಸ್ಟರ್ ಇದ್ದರೆ ಆ ಫೇಸ್ ನೇರವಾಗಿ ವೈಂಡಿಂಗ್‌ವರೆಗೂ ಬಂದು ನಿಂತಿರುತ್ತದೆ. ಆದ್ದರಿಂದ ಐಸೊಲೇಟರ್ ಎಳೆದು, ಬೀಗ ಹಾಕಿ, ಟೆಸ್ಟರಿನಲ್ಲಿ ಖಚಿತಪಡಿಸಿಕೊಂಡ ನಂತರವೇ ಟರ್ಮಿನಲ್ ಪೆಟ್ಟಿಗೆಯ ಮುಚ್ಚಳ ತೆಗೆಯಬೇಕು.