ದುಡ್ಡು ಅಟ್ಟದ ಮೇಲಿರುವಾಗ ಪ್ರಚಾರ ಹೇಗೆ?

ವ್ಯಾಪಾರ ಬಿದ್ದ ಕೂಡಲೇ ಮೊದಲು ಕತ್ತರಿ ಬೀಳೋದು ಪ್ರಚಾರದ ಖರ್ಚಿಗೆ. ತುಮಕೂರಿನಲ್ಲಿ ಅಂಗಡಿಗಳಿಗೆ, ಸಣ್ಣ ಕಂಪನಿಗಳಿಗೆ ಪ್ರಚಾರದ ಕೆಲಸ ಮಾಡುತ್ತಾ ಇದನ್ನು ಮೂರು ಸಲ ನೋಡಿದ್ದೇನೆ. 2016ರ ನೋಟು ರದ್ದತಿಯಲ್ಲಿ, 2020ರ ಲಾಕ್‌ಡೌನ್‌ನಲ್ಲಿ, ಆಮೇಲೆ 2023ರಲ್ಲಿ ಕೊಬ್ಬರಿ ರೇಟು ಬಿದ್ದಾಗ. ಮೊದಲೆರಡು ಇಡೀ ದೇಶಕ್ಕೆ ಬಂದ ಕಷ್ಟ. ಮೂರನೆಯದು ನಮ್ಮ ಕಡೆಯದೇ, ನನಗೆ ಜಾಸ್ತಿ ಕಲಿಸಿದ್ದೂ ಅದೇ.

ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯಲ್ಲಿ ರೇಟು 8 ಸಾವಿರದ ಆಸುಪಾಸಿಗೆ ಇಳಿಯಿತು. ರೈತರು ಬೀದಿಗಿಳಿದರು. ಆಗ ತಿಪಟೂರಿನಲ್ಲಿ ಫ್ರಿಜ್ಜು, ಟಿವಿ, ಮೊಬೈಲು ಮಾರುವವರೊಬ್ಬರು ನನಗೆ ಫೋನ್ ಮಾಡಿ, "ಸಾರ್, ಈ ತಿಂಗಳಿಂದ ಎಲ್ಲ ನಿಲ್ಲಿಸಿಬಿಡಿ. ಜನರ ಕೈಲಿ ಕಾಸೇ ಇಲ್ಲ, ಯಾರಿಗೆ ತೋರಿಸೋದು?" ಎಂದರು.

ಮಾರನೇ ದಿನ ಹೋಗಿ ಅವರ ಅಂಗಡಿಯಲ್ಲಿ ಸುಮ್ನೆ ಕೂತೆ. ಖಾಲಿ ಇರುತ್ತೆ ಅಂದುಕೊಂಡಿದ್ದೆ. ಇರಲಿಲ್ಲ. ಜನ ಬರುತ್ತಿದ್ದರು, ರೇಟು ಕೇಳುತ್ತಿದ್ದರು, ಕರೆಂಟು ಎಷ್ಟು ಎಳೆಯುತ್ತೆ, ಕೆಟ್ಟರೆ ರಿಪೇರಿಗೆ ಯಾರು ಬರ್ತಾರೆ, ತಿಪಟೂರಿಂದಲೇ ಬರ್ತಾರಾ ಇಲ್ಲ ತುಮಕೂರಿಂದ ಬರಬೇಕಾ ಅಂತೆಲ್ಲ ವಿಚಾರಿಸಿ, ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಹಿರಿಯರೊಬ್ಬರು ವಿಷಯ ಬಿಡಿಸಿ ಹೇಳಿದರು: "ಕೊಬ್ಬರಿ ಅಟ್ಟದ ಮೇಲೈತೆ ಕಣಪ್ಪ. ರೇಟು ಬರಲಿ, ಇಳಿಸ್ತೀನಿ. ಆಮೇಲೆ ತಗೊಳ್ಳೋಣ."

ಕಾಯಿ ಅಟ್ಟಕ್ಕೆ ಹಾಕಿದರೆ ಕೊಬ್ಬರಿಯಾಗೋಕೆ ಹತ್ತು ಹನ್ನೊಂದು ತಿಂಗಳು ಬೇಕು. ಅಷ್ಟು ದಿನ ಕಾದವರಿಗೆ ಇನ್ನಷ್ಟು ದಿನ ಕಾಯೋದು ದೊಡ್ಡದಲ್ಲ. ಸಾಲ ಇದ್ದವರು ಸಿಕ್ಕ ರೇಟಿಗೇ ಇಳಿಸಿದರು. ಅವರ ಕಷ್ಟ ಬೇರೆ, ಆ ಹೊತ್ತಲ್ಲಿ ಅವರಿಗೆ ಕಂತಿನ ಮೇಲೆ ಟಿವಿ ಮಾರಲು ಹೋಗೋದೇ ತಪ್ಪು ಅಂತ ನಾನು ನಂಬುತ್ತೇನೆ. ಆದರೆ ಕಾಯುವ ಶಕ್ತಿ ಇದ್ದವರು ಅಂಗಡಿಗೆ ಬೆನ್ನು ಹಾಕಿರಲಿಲ್ಲ. ನಿಧಾನವಾಗಿದ್ದರು, ಅಷ್ಟೇ. ಹಿಂದೆ ವಾರದಲ್ಲಿ ಮುಗಿಸುತ್ತಿದ್ದ ತೀರ್ಮಾನಕ್ಕೆ ವರ್ಷ ತೆಗೆದುಕೊಳ್ಳುತ್ತಿದ್ದರು. ಅಂಥ ಹೊತ್ತಲ್ಲಿ ಅಂಗಡಿ ಮಾತೇ ನಿಲ್ಲಿಸಿದರೆ ಕೊಬ್ಬರಿ ಇಳಿದ ದಿನ ಅವರಿಗೆ ಬೇರೆ ಅಂಗಡಿ ನೆನಪಾಗುತ್ತೆ, ಅಲ್ವಾ?

ಇಂಥ ಕಾಲದಲ್ಲಿ ನಮ್ಮ ವೃತ್ತಿಯವರು ಹೇಳುವ ಹಳೇ ಕತೆಯೊಂದಿದೆ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ, ಬೆಳಗಿನ ತಿಂಡಿಯ ಸೀರಿಯಲ್ ಮಾರುವ ಅಮೆರಿಕದ ಎರಡು ಕಂಪನಿಗಳಲ್ಲಿ ಪೋಸ್ಟ್ ಜಾಹೀರಾತು ಕಡಿಮೆ ಮಾಡಿತು, ಕೆಲಾಗ್ ಜಾಸ್ತಿ ಮಾಡಿ ಮುಂದೆ ಹೋಯಿತು ಅಂತ. ಅದನ್ನು ಸಣ್ಣ ಅಂಗಡಿಯವರಿಗೆ ಹೇಳೋದನ್ನು ನಾನು ಬಿಟ್ಟಿದ್ದೇನೆ. ಕೆಲಾಗ್ ಹತ್ತಿರ ಸುರಿಯೋಕೆ ದುಡ್ಡಿತ್ತು. ನಮ್ಮವರ ಹತ್ತಿರ ಇರೋದು ತಿಂಗಳ ಬಾಡಿಗೆ.

ತಿಪಟೂರಿನ ಅಂಗಡಿಯಲ್ಲಿ ನಾವು ಮೊದಲು ದೊಡ್ಡ ಫ್ಲೆಕ್ಸ್, ಆಟೋದ ಮೈಕು ಎರಡನ್ನೂ ನಿಲ್ಲಿಸಿದೆವು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತನ್ನು ಮಾತ್ರ ಅರ್ಧಕ್ಕೆ ಇಳಿಸಿ ಉಳಿಸಿಕೊಂಡೆವು, ಯಾಕೆಂದರೆ ಕೊಬ್ಬರಿಯಂತೆ ಆ ಜಾಹೀರಾತಿನ ಜಾಗವೂ ಹರಾಜಿನಲ್ಲೇ ಮಾರಾಟ. ಕೊಬ್ಬರಿಗೆ ಕೂಗುವವರು ಕಡಿಮೆಯಾದರೆ ರೇಟು ಬೀಳುವಂತೆ, ಊರಿನ ಬೇರೆ ಅಂಗಡಿಗಳು ಜಾಹೀರಾತು ನಿಲ್ಲಿಸಿದರೆ ಉಳಿದವರಿಗೆ ಅಗ್ಗಕ್ಕೆ ಸಿಗುತ್ತೆ. ಅದರಲ್ಲಿ ತೋರಿಸಿದ್ದು ಆಫರ್ ಅಲ್ಲ. ಜನ ಅವತ್ತು ಕೇಳಿದ ಪ್ರಶ್ನೆಗಳಿಗೇ ಒಂದೊಂದು ನಿಮಿಷದ ವಿಡಿಯೋ. ಫ್ರಿಜ್ಜಿನ ಮೇಲಿನ ನಕ್ಷತ್ರಕ್ಕೂ ಕರೆಂಟು ಬಿಲ್ಲಿಗೂ ಏನು ಸಂಬಂಧ, ಹಳೇ ಮೊಬೈಲಿಗೆ ಬ್ಯಾಟರಿ ಹಾಕಿಸಿದರೆ ಸಾಕಾ, ಹೊಸದು ಬೇಕಾ. ಮಾತಾಡಿದ್ದು ಅಂಗಡಿಯ ರಿಪೇರಿ ಹುಡುಗ.

ಕೊನೆಯ ಪ್ರಶ್ನೆಗೆ ಯಜಮಾನರು ಮೊದಲು ಒಪ್ಪಲಿಲ್ಲ. ಬ್ಯಾಟರಿ ಹಾಕಿಸಿ ಅಂದರೆ ಹೊಸ ಮೊಬೈಲು ಯಾರು ತಗೋತಾರೆ ಅನ್ನೋದು ಅವರ ಭಯ. ಆದರೆ ಕೈ ಕಟ್ಟಿದಾಗ ಜನ ಮಾಡೋದೇ ಅದು. ಫೋನ್ ಬಿಡೋಲ್ಲ, ರೀಚಾರ್ಜ್ ಬಿಡೋಲ್ಲ, ಇರೋ ಫೋನನ್ನೇ ಇನ್ನೊಂದು ವರ್ಷ ಎಳೀತಾರೆ, ಇಲ್ಲವೇ ಸೆಕೆಂಡ್ ಹ್ಯಾಂಡ್ ಹುಡುಕ್ತಾರೆ. ರಿಪೇರಿ ಟೇಬಲ್ಲನ್ನು ಹಿಂದಿನ ಮೂಲೆಯಿಂದ ಬಾಗಿಲ ಹತ್ತಿರಕ್ಕೆ ತಂದೆವು. ಆ ವರ್ಷ ಅಂಗಡಿಯ ಬಾಡಿಗೆ ಕಟ್ಟಿದ್ದು ಆ ಟೇಬಲ್ಲೇ.

ಕಷ್ಟಕಾಲದಲ್ಲಿ ಕಲಿತ ಅಭ್ಯಾಸವನ್ನು ಜನ ಆಮೇಲೆ ಬಿಡೋದಿಲ್ಲ. ಯುಪಿಐ ಶುರುವಾಗಿದ್ದು 2016ರ ಏಪ್ರಿಲ್‌ನಲ್ಲಿ. ಅದೇ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾಗದಿದ್ದರೆ ನಮ್ಮ ತರಕಾರಿ ಗಾಡಿಗಳ ಮೇಲೆ ಕ್ಯೂಆರ್ ಕೋಡ್ ಇಷ್ಟು ಬೇಗ ಬರುತ್ತಿರಲಿಲ್ಲ. ಲಾಕ್‌ಡೌನ್‌ನಲ್ಲಿ ದಿನಸಿ ಚೀಟಿಯನ್ನು ವಾಟ್ಸಾಪ್‌ನಲ್ಲಿ ಕಳಿಸಲು ಕಲಿತವರು ಈಗಲೂ ಕಳಿಸುತ್ತಾರೆ. ಹಾಗಾಗಿ ವ್ಯಾಪಾರ ಬಿದ್ದ ದಿನಗಳಲ್ಲಿ ಗಿರಾಕಿ ಮೊಬೈಲಲ್ಲಿ ಹೊಸದಾಗಿ ಏನು ಮಾಡ್ತಿದ್ದಾನೆ ನೋಡಿ. ನಾಳೆಯ ವ್ಯಾಪಾರ ಅಲ್ಲಿಂದಲೇ ಬರುತ್ತೆ.

ಇನ್ನು ನಂಬಿಕೆಯ ಮಾತು. ಕೆಲವು ವರ್ಷದ ಹಿಂದೆ, ತುಮಕೂರಿನ ಒಂದು ಅಂಗಡಿಗೆ "ಸೊನ್ನೆ ಬಡ್ಡಿ" ಅಂತ ನಾನೇ ಕರಪತ್ರ ಬರೆದಿದ್ದೆ. ಪ್ರೊಸೆಸಿಂಗ್ ಫೀಸ್ ಇತ್ತು. ಒಟ್ಟಿಗೆ ದುಡ್ಡು ಕೊಟ್ಟು ತಗೊಂಡರೆ ಸಿಗುವ ರಿಯಾಯಿತಿ ಕಂತಿನವರಿಗೆ ಇರಲಿಲ್ಲ. ಅದನ್ನು ಬರೆಯಲಿಲ್ಲ. ಬಡ್ಡಿಯೇ ಇಲ್ಲದ ಸಾಲ ಅನ್ನೋದು ಇರೋದಿಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು, ನನಗೂ ಗೊತ್ತಿತ್ತು. ತಿಂಗಳಾದ ಮೇಲೆ ಒಬ್ಬ ತಾಯಿ ಆ ಕರಪತ್ರ ಹಿಡಿದುಕೊಂಡು ಅಂಗಡಿಗೆ ಬಂದು, "ಇದರಲ್ಲಿ ಇಲ್ಲದ ದುಡ್ಡು ಯಾಕೆ ಕಟ್ಟಿಸಿಕೊಂಡ್ರಿ?" ಎಂದು ಕೇಳಿದರು. ಉತ್ತರ ಇರಲಿಲ್ಲ. ಒಳ್ಳೇ ಕಾಲದಲ್ಲಿ ಇನ್ನೂರು ರೂಪಾಯಿ ಹೆಚ್ಚು ಹೋದರೆ ಜನ ಮರೆಯಬಹುದು. ಕೈ ಕಟ್ಟಿದಾಗ ಮರೆಯೋದಿಲ್ಲ, ನಾಲ್ಕು ಮನೆಗೆ ಹೇಳ್ತಾರೆ. ಅವತ್ತಿಂದ ನಾನು ಬರೆಯುವ ಪ್ರತಿ ಕಂತಿನ ಜಾಹೀರಾತಿನಲ್ಲಿ ಕೊನೆಗೆ ಒಟ್ಟು ಎಷ್ಟು ಕಟ್ಟಬೇಕು ಅನ್ನೋದು ದಪ್ಪ ಅಕ್ಷರದಲ್ಲಿ ಇರುತ್ತೆ. ಒಪ್ಪದ ಅಂಗಡಿಯವರ ಕೆಲಸ ಹಿಡಿಯೋದಿಲ್ಲ.

ತಿಪಟೂರಿನಲ್ಲಿ ಕೊನೆಗೆ ಮಾಡಿದ ಕೆಲಸಕ್ಕೆ ಖರ್ಚಾಗಿದ್ದು ಒಂದು ನೋಟ್‌ಬುಕ್. ವಿಚಾರಿಸಿ ಹೋದವರ ಹೆಸರು, ಊರು, ಫೋನ್ ನಂಬರು, ನೋಡಿದ ಮಾಡೆಲ್ಲು ಅವರನ್ನೇ ಕೇಳಿ ಬರೆದುಕೊಂಡೆವು. ಪಕ್ಕದಲ್ಲಿ ಯಜಮಾನರ ಅಕ್ಷರದಲ್ಲಿ, "ಕೊಬ್ಬರಿ ಇಳಿಸಿದ ಮೇಲೆ." 2025ರಲ್ಲಿ ರೇಟು 20 ಸಾವಿರ ದಾಟಿದಾಗ ಆ ಪುಸ್ತಕ ತೆಗೆದು ಒಬ್ಬೊಬ್ಬರಿಗೇ ಫೋನ್ ಮಾಡಿದರು. ಕೆಲವರು ಅಷ್ಟರಲ್ಲಿ ಬೇರೆ ಕಡೆ ತಗೊಂಡಿದ್ದರು. ಆ ಹಿರಿಯರು ಮಗನನ್ನು ಕರೆದುಕೊಂಡು ಬಂದರು, ಅದೇ ಫ್ರಿಜ್ಜಿನ ಹೊಸ ಮಾಡೆಲ್ ತೋರಿಸಿದರೆ ಮತ್ತೆ ಮೊದಲು ಕೇಳಿದ್ದು, ರಿಪೇರಿಗೆ ಈಗಲೂ ಅದೇ ಹುಡುಗನೇ ಬರ್ತಾನಾ ಅಂತ.