ಪಾಠಕ್ಕೆಂದು ಬಂದ ಮೊಬೈಲ್ ಚಟವಾದ ಬಗೆ

‘ಇಂಟರ್ನೆಟ್ ಚಟ’ ಎಂಬ ಮಾತು ಹುಟ್ಟಿದ್ದು ತಮಾಷೆಯಿಂದ. 1995ರಲ್ಲಿ ಅಮೆರಿಕದ ಮನೋವೈದ್ಯ ಐವನ್ ಗೋಲ್ಡ್‌ಬರ್ಗ್ ಇಂಥದೊಂದು ಕಾಯಿಲೆಯ ಅಣಕು ಲಕ್ಷಣಪಟ್ಟಿ ಬರೆದರೆ, ಅದನ್ನು ಓದಿದ ಕೆಲವರು ತಮಗೂ ಅದು ಇದೆಯೆಂದು ಗಂಭೀರವಾಗಿಯೇ ಹೇಳಿಕೊಂಡರು. ಅದೇ ವರ್ಷ ಭಾರತದ ಜನಸಾಮಾನ್ಯರಿಗೂ ಇಂಟರ್ನೆಟ್ ಸಿಕ್ಕಿತು. ಸೈಬರ್ ಕೆಫೆಗೆ ಗಂಟೆಯ ಲೆಕ್ಕದಲ್ಲಿ ದುಡ್ಡು ತೆರಬೇಕಿದ್ದ ಆ ಕಾಲದಲ್ಲಿ ವಿದ್ಯಾರ್ಥಿಗೆ ಜೇಬೇ ಬೇಲಿಯಾಗಿತ್ತು. 2014ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಇಂಟರ್ನೆಟ್-ಮೊಬೈಲ್ ಅತಿಬಳಕೆಯ ಚಿಕಿತ್ಸೆಗೆಂದೇ ‘ಶಟ್’ ಎಂಬ ಕ್ಲಿನಿಕ್ ತೆರೆಯಿತು. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾಗಿ, ಜೇಬಿನ ಆ ಬೇಲಿಯೂ ಬಿತ್ತು.

ಆದರೆ ಮಕ್ಕಳ ಕೈಗೆ ಮೊಬೈಲ್ ಕೊಡಬೇಕೋ ಕಸಿಯಬೇಕೋ ಎಂಬ ಈಗಿನ ಗೋಜಲಿನ ಬೇರು ಇರುವುದು 2020ರಲ್ಲಿ. ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ, ಎಳೆಯ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡವೆಂದು ರಾಜ್ಯ ಸರ್ಕಾರ ಜೂನ್‌ನಲ್ಲಿ ನಿರ್ಬಂಧ ಹೇರಿತು. ಶಿಕ್ಷಣದ ಹಕ್ಕಿನ ಪ್ರಶ್ನೆ ಎದ್ದು, ಜುಲೈ 8ರಂದು ಹೈಕೋರ್ಟ್ ಆ ಆದೇಶಗಳಿಗೆ ತಡೆ ನೀಡಿತು. ಶಿಕ್ಷಕರೇ ಊರಿನ ಜಗಲಿಗೆ, ಮರದಡಿಗೆ ಬಂದು ಕಲಿಸುವ ‘ವಿದ್ಯಾಗಮ’ ಆಗಸ್ಟ್‌ನಲ್ಲಿ ಶುರುವಾಯಿತಾದರೂ ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ನಿಂತಿತು. ಕೊನೆಗೆ ಉಳಿದದ್ದು ಮೊಬೈಲ್ ಒಂದೇ. 2021ರ ಮಳೆಗಾಲದಲ್ಲಿ ಸುಳ್ಯದ ಕಡೆ ನೆಟ್‌ವರ್ಕ್ ಸಿಗುವ ರಸ್ತೆಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆಯೊಬ್ಬರು ಕೊಡೆ ಹಿಡಿದು ನಿಂತ ಚಿತ್ರವನ್ನು ಹಲವರು ಮೆಚ್ಚಿ ಹಂಚಿಕೊಂಡಿದ್ದರು. ಅಂದು ಮೊಬೈಲ್ ಹಿಡಿದ ಮಗು ಓದುವ ಮಗು. ಇಂದು ಅದೇ ಮಗುವಿಗೆ, ಬೀಡಿ-ಇಸ್ಪೀಟಿಗೆ ಬಳಸುತ್ತಿದ್ದ ‘ಚಟ’ ಎಂಬ ಪದ ಅಂಟಿದೆ.

ವೈದ್ಯಕೀಯವಾಗಿ ವಿಷಯ ಅಷ್ಟು ಸರಳವಲ್ಲ. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಗೇಮಿಂಗ್ ವ್ಯಸನಕ್ಕೆ ಜಾಗವಿದೆ. ಆದರೆ ವ್ಯಸನವೆಂದು ಗುರುತಿಸಲು, ಆಟದ ಮೇಲೆ ಹಿಡಿತ ತಪ್ಪಿ, ಓದು-ಊಟ-ಒಡನಾಟ ಕೆಟ್ಟ ಸ್ಥಿತಿ ಸಾಮಾನ್ಯವಾಗಿ 12 ತಿಂಗಳಾದರೂ ಇರಬೇಕು. ರೀಲ್ಸ್ ನೋಡುವುದಕ್ಕೆ ಅಲ್ಲಿ ಪ್ರತ್ಯೇಕ ಹೆಸರಿಲ್ಲ. ನಿದ್ದೆಗೆಟ್ಟು, ಮಂಕಾಗಿ ಕೂರುವ ಹುಡುಗನ ವಿಷಯದಲ್ಲಿ ಮೊಬೈಲ್ ಕಾರಣವೋ, ಮೊದಲೇ ಇದ್ದ ಆತಂಕಕ್ಕೆ ಅವನು ಹುಡುಕಿಕೊಂಡ ಮರೆಯೋ ಎಂಬುದು ಅವನನ್ನು ಕೂರಿಸಿ ಮಾತಾಡಿಸಿದ ಮೇಲಷ್ಟೇ ತಿಳಿಯುವಂಥದ್ದು.

ಶಾಲೆಗಳು ಮತ್ತೆ ತೆರೆದರೂ ಎಷ್ಟೋ ಕಡೆ ಹೋಂವರ್ಕ್ ವಾಟ್ಸ್ಆ್ಯಪ್ ಗ್ರೂಪಿನಲ್ಲೇ ಉಳಿಯಿತು. ರಾತ್ರಿ ಒಂಬತ್ತಕ್ಕೆ ಮೊಬೈಲ್ ಕಸಿದಿಟ್ಟ ತಾಯಿ, ನಾಳಿನ ಪ್ರಾಜೆಕ್ಟಿನ ಸೂಚನೆ ಬಂತೆಂದು ಒಂಬತ್ತೂವರೆಗೆ ಅದನ್ನೇ ಮಗನ ಕೈಗೆ ಮರಳಿ ಕೊಡುತ್ತಾಳೆ.