ಕ್ಯಾಮೆರಾ ಹಾಳಾಗಿಲ್ಲ, ಪುಸ್ತಕ ಬಂದಿಲ್ಲ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ನನ್ನ ಅಂಗಡಿಗೆ ‘ಹಾಳಾಗಿದೆ’ ಎಂದು ಬರುವ ಕ್ಯಾಮೆರಾಗಳಲ್ಲಿ ಅರ್ಧಕ್ಕರ್ಧ ಹಾಳಾಗಿರುವುದಿಲ್ಲ. ಸ್ಕ್ರೂಡ್ರೈವರ್ ಮುಟ್ಟುವ ಕೆಲಸವೇ ಇರುವುದಿಲ್ಲ. ಕಳೆದ ವಾರ ಬಂದದ್ದನ್ನೇ ಹೇಳುತ್ತೇನೆ. ಒಬ್ಬರಿಗೆ ಕಣ್ಣಿಟ್ಟು ನೋಡುವ ವ್ಯೂಫೈಂಡರಿನಲ್ಲಿ ಎಲ್ಲವೂ ಮಂಜು ಮಂಜು. ಫಂಗಸ್ ಹಿಡಿದಿದೆ ಎಂದೇ ಅವರ ಲೆಕ್ಕ. ನಮ್ಮ ಊರಿನ ಮಳೆಗೆ ಆ ಹೆದರಿಕೆ ಸಹಜ. ನೋಡಿದರೆ ಬ್ಯಾಗಿನೊಳಗೆ ಉಜ್ಜಿ ಡಯಾಪ್ಟರ್ ಚಕ್ರ ತಿರುಗಿತ್ತು. ಕಣ್ಣಿನ ನಂಬರಿಗೆ ತಕ್ಕಂತೆ ವ್ಯೂಫೈಂಡರನ್ನು ಹೊಂದಿಸುವ ಪುಟ್ಟ ಚಕ್ರ ಅದು. ಸ್ವಲ್ಪ ತಿರುಗಿಸಿದೆ, ಸರಿಯಾಯಿತು. ಇನ್ನೊಬ್ಬರ ಫ್ಲಾಶ್ ಹೊಳೆಯುತ್ತಿರಲಿಲ್ಲ. ಸದ್ದಿಲ್ಲದೆ ಫೋಟೋ ತೆಗೆಯುವ ಸೈಲೆಂಟ್ ಶಟರ್ ಆನ್ ಆಗಿತ್ತು. ಹೆಚ್ಚಿನ ಕ್ಯಾಮೆರಾಗಳಲ್ಲಿ ಅದು ಆನ್ ಇದ್ದರೆ ಫ್ಲಾಶ್ ಹೊಳೆಯುವುದಿಲ್ಲ. ಮೂರನೆಯದು ಕ್ಲಿಕ್ಕೇ ಆಗದು. ಒಳಗೆ ಕಾರ್ಡೇ ಇರಲಿಲ್ಲ! ಕಾರ್ಡಿಲ್ಲದಿದ್ದರೆ ಶಟರ್ ಬಿಡಬೇಡ ಎಂದು ಮೆನುವಿನಲ್ಲಿ ಒಂದು ಸೆಟ್ಟಿಂಗ್ ಇರುತ್ತದೆ. ಅದು ತನ್ನ ಕೆಲಸ ಮಾಡುತ್ತಿತ್ತು, ಅಷ್ಟೆ.

ಇಂಥದ್ದಕ್ಕೆಲ್ಲ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ಒಂದು ಚಾ ಕುಡಿಸಿದರೆ ಸಾಕು. ಆದರೆ ಈಗೀಗ ಚಾ ಜಾಸ್ತಿಯಾಗಿಬಿಟ್ಟಿದೆ.

ಮೂವರಿಗೂ ಒಂದೇ ಪ್ರಶ್ನೆ ಕೇಳಿದೆ. “ಮ್ಯಾನುವಲ್ ನೋಡಿದ್ರಾ?” ಮೂವರೂ ಒಂದೇ ಉತ್ತರ ಕೊಟ್ಟರು. “ಪೆಟ್ಟಿಗೆಯಲ್ಲಿ ಅಂಥದ್ದೇನೂ ಇರಲಿಲ್ಲ.”

ಸುಳ್ಳಲ್ಲ. ಈಗ 3 ಲಕ್ಷ ಕೊಟ್ಟು ಕ್ಯಾಮೆರಾ ತಂದರೂ ಪೆಟ್ಟಿಗೆಯಲ್ಲಿ ಸಿಗುವುದು ಒಂದು ವಾರಂಟಿ ಕಾರ್ಡು, ಎಚ್ಚರಿಕೆಯ ಮಾತುಗಳಿರುವ ಒಂದು ಮಡಿಸಿದ ಹಾಳೆ, ಹೆಚ್ಚೆಂದರೆ ಬ್ಯಾಟರಿ ಹಾಕುವುದು ಹೇಗೆಂದು ತೋರಿಸುವ ನಾಲ್ಕು ಪುಟ. ಉಳಿದದ್ದಕ್ಕೆ ಕ್ಯೂ.ಆರ್. ಕೋಡ್. ಎಚ್ಚರಿಕೆಯ ಹಾಳೆ ಮಾತ್ರ ಕಾಗದದಲ್ಲೇ ಉಳಿದದ್ದು ಯಾಕೆ ಎಂದು ನನಗೊಂದು ಅನುಮಾನ ಇದೆ. ನಮ್ಮ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ, ಹಾನಿ ತಪ್ಪಿಸಲು ಬೇಕಾದ ಬಳಕೆಯ ಸೂಚನೆ, ಎಚ್ಚರಿಕೆ ಕೊಡದಿದ್ದರೆ ತಯಾರಕರೇ ಹೊಣೆ. ಬ್ಯಾಟರಿ ಸಿಡಿದರೆ ಕೋರ್ಟಿಗೆ ಹೋಗಬಹುದು. ಮದುವೆಯ ಫೋಟೋ ಹೋದರೆ ಹೋಗುವುದು ನಮ್ಮ ಮಾನ ಮಾತ್ರ, ಅಲ್ವಾ?

ನಾನು ಈ ಕೆಲಸಕ್ಕೆ ಸೇರಿದ್ದು 1997ರಲ್ಲಿ, ಕಾಸರಗೋಡು ಪೇಟೆಯ ಒಂದು ಸ್ಟುಡಿಯೋದಲ್ಲಿ, ಲೈಟು ಹಿಡಿಯುವ ಹುಡುಗನಾಗಿ. ಅಲ್ಲಿದ್ದದ್ದು ನಿಕಾನ್ ಎಫ್‌ಎಂ10. 1995ರಲ್ಲಿ ಬಂದ ಕ್ಯಾಮೆರಾ. ಪೂರ್ತಿ ಕೈಯ ಕೆಲಸ, ಬ್ಯಾಟರಿ ಬೇಕಾದದ್ದು ಬೆಳಕಿನ ಮೀಟರಿಗೆ ಮಾತ್ರ. ಯಜಮಾನರು ನನ್ನ ಕೈಗೆ ಕ್ಯಾಮೆರಾ ಕೊಡಲಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದ ಅದರ ಪುಸ್ತಕ ಕೊಟ್ಟರು. “ಇದನ್ನು ಮುಗಿಸು, ಆಮೇಲೆ ಮುಟ್ಟುವೆಯಂತೆ” ಎಂದರು. ಹತ್ತನೆಯವರೆಗೆ ಕನ್ನಡ ಮೀಡಿಯಂನಲ್ಲಿ ಕಲಿತವನು ನಾನು. ಡಿಕ್ಷನರಿ ಇಟ್ಟುಕೊಂಡು ಒಂದು ತಿಂಗಳು ಗುದ್ದಾಡಿದೆ. ಅರ್ಧ ತಲೆಗೆ ಹೋಯಿತು, ಅರ್ಧ ಹೋಗಲಿಲ್ಲ.

ಹೋಗದ ಅರ್ಧದಲ್ಲಿ ಒಂದು ಪುಟ ಫ್ಲಾಶಿನದ್ದು. ಫ್ಲಾಶ್ ಹಾಕಿದಾಗ ಶಟರ್ ಸ್ಪೀಡ್, ಅಂದರೆ ಶಟರ್ ತೆರೆದಿರುವ ಹೊತ್ತು, 1/125 ಸೆಕೆಂಡಿಗಿಂತ ಕಡಿಮೆಯಾಗಬಾರದು ಎಂದಿತ್ತು. ಯಾಕೆಂದು ತಿಳಿಯಲಿಲ್ಲ, ಪುಟ ಮಗುಚಿದೆ. ಮೂರು ತಿಂಗಳ ಮೇಲೆ ಕುಂಬಳೆಯಲ್ಲಿ ಒಂದು ಮದುವೆ. ಜನರ ನೂಕುನುಗ್ಗಲಿನಲ್ಲಿ ಡಯಲ್ 1/250ಕ್ಕೆ ಹೋದದ್ದು ನನ್ನ ಗಮನಕ್ಕೆ ಬರಲಿಲ್ಲ. ಫಿಲ್ಮಿನ ಕಾಲ, ತೊಳೆದು ಪ್ರಿಂಟ್ ಬಂದ ಮೇಲೆಯೇ ಗೊತ್ತಾಗುವುದು. ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಹಿಡಿದು ತೆಗೆದ ಹನ್ನೊಂದು ಫೋಟೋಗಳಲ್ಲಿ ಒಂದು ಬದಿ ಕಪ್ಪು. ಮದುಮಗ ಇದ್ದಾನೆ, ಮದುಮಗಳಿಲ್ಲ. ಯಜಮಾನರ ಬೈಗುಳ ಮುಗಿಯುವ ಮೊದಲೇ ನನಗೆ ನೆನಪಾಯಿತು: ಎಲ್ಲೋ ಓದಿದ್ದೆನಲ್ಲ! ಆ ಪುಟ ತೆಗೆದೆ. ಶಟರಿನ ಎರಡು ಪರದೆಗಳು ಒಂದರ ಹಿಂದೆ ಒಂದು ಓಡುತ್ತವೆ, ಸ್ಪೀಡ್ ಜಾಸ್ತಿಯಾದರೆ ಮೊದಲಿನದ್ದು ಪೂರ್ತಿ ದಾಟುವ ಮುಂಚೆಯೇ ಎರಡನೆಯದು ಹೊರಟುಬಿಡುತ್ತದೆ, ಆಗ ಫ್ಲಾಶ್ ಹೊಳೆದರೆ ಬೆಳಕು ಬೀಳುವುದು ನಡುವಿನ ಸಂದಿಗೆ ಮಾತ್ರ. ಅವತ್ತು ತಲೆಗೆ ಹೋದದ್ದು ಇವತ್ತಿಗೂ ಇಳಿದಿಲ್ಲ.

ಪುಸ್ತಕ ಮಾಡಿದ ಕೆಲಸ ಅದು. ಓದುವಾಗ ಎಲ್ಲ ತಿಳಿಯಬೇಕೆಂದಿರಲಿಲ್ಲ. ಇಂಥದ್ದೊಂದು ಇದೆ ಎಂದು ತಲೆಯ ಮೂಲೆಯಲ್ಲಿ ಕೂತಿದ್ದರೆ ಸಾಕಿತ್ತು.

ಈಗ ದೇಲಂಪಾಡಿಯ ಕಥೆ ಹೇಳಬೇಕು. ಸುಳ್ಯದ ಗಡಿಗೆ ತಾಗಿದ ಕಾಡಿನ ಊರು. ಕಳೆದ ವರ್ಷ ಅಲ್ಲಿ ಒಂದು ಯಕ್ಷಗಾನ ಬಯಲಾಟ. ನನ್ನ ಹತ್ತಿರ ಕೆಲಸ ಕಲಿತು ಈಗ ಸ್ವಂತ ಮಾಡುತ್ತಿರುವ ಹುಡುಗ ಹೊಸ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ಹಿಡಿದುಕೊಂಡು ಹೋಗಿದ್ದ. ರಂಗಸ್ಥಳದ ಹತ್ತಿರ ಟಪ್ ಟಪ್ ಸದ್ದು ಬೇಡ ಎಂದು ಸೈಲೆಂಟ್ ಶಟರ್ ಹಾಕಿದ್ದಾನೆ. ಒಳ್ಳೆಯ ಯೋಚನೆಯೇ. ಆದರೆ ತೆಗೆದ ಫೋಟೋಗಳಲ್ಲೆಲ್ಲ ಮಹಿಷಾಸುರನ ಮುಖದ ಮೇಲೆ ಅಡ್ಡಡ್ಡ ಕಪ್ಪು ಗೆರೆ. ವೇಷ ಹಾಕುವ ಚೌಕಿಯ ಹಿಂದೆ ನಿಂತು ಗೂಗಲಿನಲ್ಲಿ ಹುಡುಕಿದನಂತೆ. ‘ಫೋಟೋದಲ್ಲಿ ಗೆರೆ’ ಎಂದು ಹುಡುಕಿದ, ‘ಕ್ಯಾಮೆರಾ ಲೈನ್ ಪ್ರಾಬ್ಲಂ’ ಎಂದು ಹುಡುಕಿದ. ನೆಟ್‌ವರ್ಕ್ ಬೇರೆ ಒಮ್ಮೆ ಕೇರಳದ ಟವರಿಗೆ, ಒಮ್ಮೆ ಕರ್ನಾಟಕದ ಟವರಿಗೆ ಹಾರುತ್ತಿತ್ತು. ಕೊನೆಗೆ ರಾತ್ರಿ ಒಂದೂವರೆಗೆ ನನಗೆ ಫೋನ್.

“ಅಣ್ಣಾ, ಸೆನ್ಸರ್ ಹೋಯ್ತಾ ಅಂತ. ಎಲ್ಲ ಫೋಟೋದಲ್ಲೂ ಗೆರೆ ಗೆರೆ ಬರ್ತಾ ಉಂಟು.”

“ಎಂತ ಲೈಟು ಹಾಕಿದ್ದಾರೆ ಅಲ್ಲಿ?”

“ಎಲ್.ಇ.ಡಿ. ಅಣ್ಣ.”

“ಸ್ಪೀಡು ಎಷ್ಟು?”

“ನಾನೂರು.”

“ಅದನ್ನು ನೂರಕ್ಕೆ ತಾ ಮಾರಾಯ.”

1/400ರಿಂದ 1/100 ಸೆಕೆಂಡಿಗೆ ತಂದ. ಗೆರೆ ಹೋಯಿತು. ನಾನು ಮತ್ತೆ ಮಲಗಿದೆ.

ಇದರೊಳಗಿನ ಕಥೆ ಇಷ್ಟೆ. ನಮ್ಮ ಮನೆಯ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು, ಪ್ರತಿ ಸುತ್ತಿನಲ್ಲಿ ಎರಡು ಸಲ ಏರಿಳಿತ. ಅದರಿಂದ ನೇರವಾಗಿ ಉರಿಯುವ ಸಾದಾ ದೀಪ ಸೆಕೆಂಡಿಗೆ 100 ಸಲ ಹೆಚ್ಚು ಕಡಿಮೆ ಆಗುತ್ತಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಸೈಲೆಂಟ್ ಶಟರಿನಲ್ಲಿ ಸೆನ್ಸರ್ ಚಿತ್ರವನ್ನು ಒಂದೇ ಸಲ ತೆಗೆಯುವುದಿಲ್ಲ, ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುತ್ತಾ ಬರುತ್ತದೆ. ಒಂದು ಸಾಲು ಓದುವಾಗ ದೀಪ ಜೋರು, ಮುಂದಿನ ಸಾಲಿಗೆ ಮಂದ. ಆ ಮಂದದ್ದೇ ಕಪ್ಪು ಗೆರೆ. ಸ್ಪೀಡನ್ನು 1/100ಕ್ಕೋ 1/50ಕ್ಕೋ ಇಟ್ಟರೆ ಪ್ರತಿ ಸಾಲಿಗೂ ದೀಪದ ಪೂರ್ತಿ ಸುತ್ತು ಸಿಗುತ್ತದೆ, ಗೆರೆ ಕಾಣದು. ಮಾಮೂಲಿ ಶಟರಿಗೆ ಬದಲಾಯಿಸಿದರೂ ಗೆರೆ ಬಹಳ ಕಡಿಮೆಯಾಗುತ್ತದೆ. ಆದರೆ 2021ರ ನಿಕಾನ್ ಜಡ್9ರಂಥ ಕ್ಯಾಮೆರಾದಲ್ಲಿ ಮೆಕ್ಯಾನಿಕಲ್ ಶಟರೇ ಇಲ್ಲ, ಅಲ್ಲಿ ಆ ದಾರಿ ಇಲ್ಲ. ಡಿಮ್ಮರ್ ಇರುವ ಎಲ್.ಇ.ಡಿ. ಆದರೆ ಅದರ ಮಿಣುಕು ಇನ್ನೂ ವೇಗ. 1/100ರಲ್ಲೂ ಕೆಲವೊಮ್ಮೆ ಗೆರೆ ಉಳಿಯುತ್ತದೆ. ಅದಕ್ಕಾಗಿಯೇ ಹೊಸ ಕ್ಯಾಮೆರಾಗಳಲ್ಲಿ ಸ್ಪೀಡನ್ನು ದಶಾಂಶದಷ್ಟು ಸೂಕ್ಷ್ಮವಾಗಿ ತಿರುಗಿಸುವ ಒಂದು ಸೌಕರ್ಯ ಇದೆ. ‘ಹೈ ಫ್ರೀಕ್ವೆನ್ಸಿ ಫ್ಲಿಕ್ಕರ್ ರಿಡಕ್ಷನ್’ (ವೇಗದ ಮಿಣುಕು ತಗ್ಗಿಸುವುದು) ಎಂದೋ ಅಂಥದ್ದೇ ಇನ್ನೊಂದು ಹೆಸರಲ್ಲೋ ಮೆನುವಿನೊಳಗೆ ಕೂತಿರುತ್ತದೆ.

ಹುಡುಗನ ಕ್ಯಾಮೆರಾದಲ್ಲೂ ಅದು ಇತ್ತು. ಅವನಿಗೆ ಗೊತ್ತಿಲ್ಲದ್ದು ‘ಫ್ಲಿಕ್ಕರ್’ ಎಂಬ ಒಂದೇ ಶಬ್ದ. ಆ ಶಬ್ದ ಗೊತ್ತಿದ್ದರೆ ಗೂಗಲ್ ಎರಡು ನಿಮಿಷದಲ್ಲಿ ಉತ್ತರ ಕೊಡುತ್ತಿತ್ತು. ಹುಡುಕಲು ಹೆಸರು ಬೇಕು. ಹೆಸರು ಮೊದಲು ಕಿವಿಗೆ ಬೀಳುತ್ತಿದ್ದದ್ದು ಆ ಹಳೆಯ ಪುಸ್ತಕದಲ್ಲಿ, ಬೇಡ ಬೇಡವೆಂದು ಪುಟ ಮಗುಚುವಾಗ.

ಯೂಟ್ಯೂಬ್ ಇಲ್ಲವೇ ಎಂದು ಕೇಳುತ್ತೀರಿ. ಇದೆ. ಮಲಯಾಳಂನಲ್ಲಿ ಬಹಳ ಚೆನ್ನಾಗಿ ಹೇಳಿಕೊಡುವವರಿದ್ದಾರೆ, ನಮ್ಮ ಹುಡುಗರು ಅದರಿಂದಲೇ ಕಲಿಯುತ್ತಾರೆ, ನಾನೂ ನೋಡುತ್ತೇನೆ. ಆದರೆ ಬೇಕಾದ ಮಾತು ಹದಿನಾಲ್ಕನೆಯ ನಿಮಿಷದಲ್ಲಿರುತ್ತದೆ. ಚೆಂಡೆ ಬಾರಿಸುತ್ತಿರುವಾಗ ಅದನ್ನು ಕೇಳಿಸಿಕೊಳ್ಳುವುದು ಹೇಗೆ?

ಹಾಗೆಂದು ಕಂಪನಿಯವರದ್ದೇ ತಪ್ಪು ಎಂದು ನಾನು ಬೊಬ್ಬೆ ಹೊಡೆಯುವುದಿಲ್ಲ. 2008ರ ನಿಕಾನ್ ಡಿ700ರ ಪುಸ್ತಕವೇ 400 ಪುಟ ದಾಟಿತ್ತು. ಜಡ್9ರ ಪಿ.ಡಿ.ಎಫ್. 800 ಪುಟಕ್ಕೂ ಜಾಸ್ತಿ. ಅದನ್ನು ಅಚ್ಚು ಹಾಕಿಸಿ ಹತ್ತಾರು ಭಾಷೆಗಳಲ್ಲಿ ಕೊಟ್ಟರೆ ಕ್ಯಾಮೆರಾಕ್ಕಿಂತ ಪುಸ್ತಕವೇ ಭಾರ. ಮೇಲಿಂದ ಫರ್ಮ್‌ವೇರ್, ಅಂದರೆ ಕ್ಯಾಮೆರಾದೊಳಗಿನ ಸಾಫ್ಟ್‌ವೇರ್. ಅದೇ ಜಡ್9ಕ್ಕೆ 2022ರಿಂದ 2024ರ ತನಕ ನಾಲ್ಕು ದೊಡ್ಡ ಅಪ್‌ಡೇಟ್ ಬಂದವು, ಪ್ರತಿ ಸಲ ಹೊಸ ಸೌಕರ್ಯ. ಅಚ್ಚಾದ ಪುಸ್ತಕ ಒಂದು ವರ್ಷದಲ್ಲಿ ಹಳೆಯ ಪಂಚಾಂಗ. ನಡುವೆ ಕೆಲವು ವರ್ಷ ಸಿ.ಡಿ. ಕೊಡುತ್ತಿದ್ದರು. ಲ್ಯಾಪ್‌ಟಾಪಿನಿಂದ ಸಿ.ಡಿ. ಹಾಕುವ ಜಾಗವೇ ಹೋಯಿತು, ಆ ಸಿ.ಡಿ.ಗಳು ನನ್ನ ತೋಟದಲ್ಲಿ ಹಕ್ಕಿ ಓಡಿಸಲು ತೂಗಾಡುತ್ತಿವೆ. ಇನ್ನೊಂದು ನಿಜವನ್ನೂ ಹೇಳಿಬಿಡುತ್ತೇನೆ. ನಾನು ಜೋಪಾನ ಮಾಡಿಟ್ಟ ಹಳೆಯ ಮ್ಯಾನುವಲ್‌ಗಳಲ್ಲಿ ಅರ್ಧ ಗೆದ್ದಲು ತಿಂದಿದೆ.

ಭಾಷೆಯದ್ದು ಬೇರೆಯೇ ಪಾಡು. ಕನ್ನಡದಲ್ಲಿ ಒಂದು ಕ್ಯಾಮೆರಾ ಪುಸ್ತಕವನ್ನೂ ನಾನು ಕಂಡಿಲ್ಲ. ನಿಕಾನ್ ಡಿ5300ರ ಮೆನುವಿನಲ್ಲಿ ಹಿಂದಿ, ಬಂಗಾಳಿ, ಮರಾಠಿ, ತಮಿಳು, ತೆಲುಗು ಎಲ್ಲ ಇವೆ. ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ. 1956ರಲ್ಲಿ ಕೇರಳಕ್ಕೆ ಸೇರಿದಾಗಿನಿಂದ ಭಾಷೆಯ ಜಗಳ ನೋಡುತ್ತಾ ಬಂದ ನಮ್ಮ ಜಿಲ್ಲೆಯಲ್ಲಿ ಇಬ್ಬರಿಗೂ ಸಮಪಾಲು ಸಿಕ್ಕಿದ್ದು ಬಹುಶಃ ಇದೊಂದರಲ್ಲೇ.

ಈಗ ಕೆಲಸದ ಮಾತು. ಕ್ಯಾಮೆರಾ ತಂದ ದಿನವೇ ಕಂಪನಿಯ ಸೈಟಿನಿಂದ ನಿಮ್ಮ ಮಾಡೆಲಿನ ಪೂರ್ತಿ ಪಿ.ಡಿ.ಎಫ್. ಇಳಿಸಿ ಫೋನಿನಲ್ಲಿ ಇಟ್ಟುಕೊಳ್ಳಿ. ನೆಟ್ ಇಲ್ಲದಿದ್ದರೂ ತೆರೆಯಬೇಕು. ಆದರೆ ಅಷ್ಟಕ್ಕೇ ನಿಲ್ಲಬೇಡಿ. ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಫೋನು ಹಿಡಿದು ಅಷ್ಟು ಸಣ್ಣ ಪರದೆಯಲ್ಲಿ ಚಿತ್ರ ಎಲ್ಲಿ, ಅದರ ವಿವರ ಎಲ್ಲಿ ಎಂದು ಹುಡುಕುವುದು ಆಗದ ಕೆಲಸ. ಹಳೆಯ ಪುಸ್ತಕಗಳಲ್ಲಿ ಮೊದಲ ಹಾಳೆ ಹೊರಕ್ಕೆ ಬಿಚ್ಚುತ್ತಿತ್ತು. ಬಟನ್ನುಗಳ ಚಿತ್ರ ಅದರಲ್ಲಿ. ಯಾವ ಪುಟ ಓದುತ್ತಿದ್ದರೂ ಆ ಚಿತ್ರ ಪಕ್ಕದಲ್ಲೇ ಕಾಣುತ್ತಿತ್ತು. ಆ ಉಪಾಯ ಮಾಡಿದವನಿಗೆ ನನ್ನದೊಂದು ನಮಸ್ಕಾರ.

ಆದ್ದರಿಂದ ಪಿ.ಡಿ.ಎಫ್.ನಿಂದ ಸುಮಾರು 60 ಪುಟ ಆರಿಸಿ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ. ಬಟನ್ನುಗಳ ಚಿತ್ರ ಮೊದಲು. ಮೆನುವಿನ ಪೂರ್ತಿ ಪಟ್ಟಿ, ಅರ್ಥವಾಗದಿದ್ದರೂ ಒಮ್ಮೆ ಕಣ್ಣಾಡಿಸಲು. ಸೈಲೆಂಟ್ ಶಟರಿನ ಜೊತೆ ಏನೇನು ಕೆಲಸ ಮಾಡುವುದಿಲ್ಲ ಎಂಬ ಪುಟ. ಫ್ಲಿಕ್ಕರಿನದ್ದು, ಎರರ್ ಮೆಸೇಜಿನದ್ದು, ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರುವ ರೀಸೆಟ್.

ಮತ್ತೆ, ಮದುವೆ ಮಾಡುವವರು ದಯವಿಟ್ಟು ಎರಡು ಕಾರ್ಡಿನ ಪುಟವನ್ನು ಬಿಡಬೇಡಿ. ನನಗೆ ಬೇಕಾದವರೊಬ್ಬರು ಎರಡು ಕಾರ್ಡು ಹಾಕಿದ್ದೇನೆ, ಎರಡರಲ್ಲೂ ಫೋಟೋ ಇದ್ದೇ ಇದೆ ಎಂಬ ಧೈರ್ಯದಲ್ಲಿ ಒಂದು ಸೀಸನ್ನು ಪೂರ್ತಿ ಕಳೆದರು. ಅವರ ಕ್ಯಾಮೆರಾದಲ್ಲಿ ಎರಡನೆಯ ಕಾರ್ಡು ‘ಓವರ್‌ಫ್ಲೋ’ದಲ್ಲಿತ್ತು. ಅಂದರೆ ಮೊದಲಿನದ್ದು ತುಂಬಿದ ಮೇಲೆ ಮಾತ್ರ ಎರಡನೆಯದಕ್ಕೆ ಹೋಗುತ್ತದೆ. ‘ಬ್ಯಾಕಪ್’ಗೆ ಇಟ್ಟರೆ ಮಾತ್ರ ಎರಡರಲ್ಲೂ ಬರೆಯುವುದು. ಮೊದಲ ಕಾರ್ಡು ಕೈಕೊಟ್ಟ ದಿನ ಧಾರೆಯ ಫೋಟೋ ಹೋಯಿತು. ರಿಕವರಿ ಸಾಫ್ಟ್‌ವೇರಿನಲ್ಲಿ ಸಿಕ್ಕಿದ್ದು ಊಟದ ಪಂಕ್ತಿ.

ಪ್ರಿಂಟ್ ಹಾಳೆಗಳ ಮೇಲೆ ಇನ್ನೊಂದು ಹಾಳೆ ನೀವೇ ಬರೆಯಿರಿ. ಎಡಗಡೆ ನಮ್ಮ ಬಾಯಿಮಾತು, ಬಲಗಡೆ ಮೆನುವಿನ ಶಬ್ದ. ಗೆರೆ ಬಂದರೆ ಫ್ಲಿಕ್ಕರ್. ವ್ಯೂಫೈಂಡರ್ ಮಂಜಾದರೆ ಡಯಾಪ್ಟರ್. ಫೋಟೋ ಕಪ್ಪು ಬಿಳುಪಾದರೆ ಮೊನೊಕ್ರೋಮ್. ಕ್ಲಿಕ್ ಆಗದಿದ್ದರೆ ರಿಲೀಸ್ ಲಾಕ್ (ಕಾರ್ಡಿಲ್ಲದೆ ಶಟರ್ ಬಿಡದ್ದು), ಇಲ್ಲವಾದರೆ ಫೋಕಸ್ ಪ್ರಯಾರಿಟಿ (ಫೋಕಸ್ ಆಗದೆ ಶಟರ್ ಬಿಡದ್ದು). ನನ್ನ ಅಂಗಡಿಗೆ ಚಾ ಕುಡಿಸಲು ಬರುವವರ ದೂರುಗಳನ್ನೆಲ್ಲ ಹೀಗೆ ಬರೆಯುತ್ತಾ ಹೋದೆ, ಮೂರು ಹಾಳೆ ತುಂಬಿತು. ಈಗ ಹೊಸ ಹುಡುಗರಿಗೆ ಮೊದಲು ಅದನ್ನೇ ಕೊಡುತ್ತೇನೆ, ಯಜಮಾನರು ನನಗೆ ಕೊಟ್ಟ ಹಾಗೆ. ಒಬ್ಬ ಅದರ ಬದಿಯಲ್ಲಿ ಮಲಯಾಳಂನಲ್ಲೂ ಬರೆದುಕೊಂಡಿದ್ದಾನೆ.

ದೇಲಂಪಾಡಿಯ ಹುಡುಗ ತನ್ನ 60 ಪುಟಗಳಿಗೆ ಸ್ಪೈರಲ್ ಹಾಕಿಸಿದ. ಎರಡು ತಿಂಗಳಲ್ಲಿ ಹೊಸ ಫರ್ಮ್‌ವೇರ್ ಬಂತು, ನಾಲ್ಕು ಪುಟ ಬದಲಾಯಿಸಬೇಕಾಯಿತು, ಬಿಚ್ಚಲು ಹೋಗಿ ಇಪ್ಪತ್ತು ಹಾಳೆ ಹರಿದ. ಸ್ಪೈರಲ್ ಬೇಡ. ಎರಡು ತೂತಿನ ಫೈಲು ಸಿಗುತ್ತದಲ್ಲ, ಅದರಲ್ಲಿ ಹಾಕಿ. ಗೆದ್ದಲು ಬರದ ಕಪಾಟಿನಲ್ಲಿಡಿ.